ಚಪ್ಪಲಿಗೆ ಹಚ್ಚಿದ ಸೀಮೆಸುಣ್ಣ

ಬೆಳಕು ಹರಿಯುವ ಮೊದಲು ಕಾಜಕ್ಕ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ಗಂಡನನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸುವುದು. ಒದ್ದೆಯಾದ ಹಾಸಿಗೆಬಟ್ಟೆ ಎಳೆದು, ಅಡಿಯ ರಬ್ಬರು ಹಾಳೆ ಒರೆಸಿ, ಒಣಗಿದ್ದನ್ನು ಹಾಸುವುದು. ಬೆನ್ನು, ಸೊಂಟ, ಹಿಮ್ಮಡಿ ಎಲ್ಲಾದರೂ ಕೆಂಪಗಾಗಿದೆಯೇ ಎಂದು ಟಾರ್ಚು ಹಿಡಿದು ನೋಡುವುದು. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡದ ಎರಡು ಅಂಕಿ ಬರೆದುಕೊಳ್ಳುವುದು. ನೀರು ಕಾಯಿಸಿ, ಹಾಸಿಗೆಬಟ್ಟೆ ಕುದಿನೀರಿಗೆ ಹಾಕಿ, ಅದು ನೆನೆಯುವಷ್ಟರಲ್ಲಿ ಅನ್ನಕ್ಕಿಟ್ಟು, ಅನ್ನ ಬೇಯುವಷ್ಟರಲ್ಲಿ ಎರಡು ಅಂಗಿಗೆ ಗುಂಡಿಯ ಕಾಜ ಮುಗಿಸುವುದು. ಗಂಡನನ್ನು ಎಬ್ಬಿಸಿ, ಚಪ್ಪಲಿ ತೊಡಿಸಿ, ಬಲಗೈಗೆ ಕೋಲು ಕೊಟ್ಟು ಬಚ್ಚಲಿಗೆ ಕಳಿಸುವುದು. ಅವರು ಒಳಗಿರುವಾಗ ಮಂಚದಿಂದ ಬಚ್ಚಲಿನವರೆಗೆ ಸಿಮೆಂಟು ನೆಲದ ಮೇಲೆ ಮೂಡಿದ ನೀಲಿ ಹೆಜ್ಜೆಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು, ಬರೆದುಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಒದ್ದೆ ಬಟ್ಟೆಯಿಂದ ಒರೆಸಿಬಿಡುವುದು.

ಈ ಕೊನೆಯ ಕೆಲಸವನ್ನು ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ ಉಪಾಯ. ಗಂಡ ನಾಟಕ ಆಡುತ್ತಿದ್ದಾರೆ ಎಂದು ಅವಳಿಗೆ ಅನುಮಾನವಿತ್ತು.

ಕಾಜಕ್ಕ ಎನ್ನುವುದು ತಾಯಿತಂದೆ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಗಂಡನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು ಕಾಜ ಮಾಡಿ, ಗುಂಡಿ ಹಾಕಿ, ಅಂಚು ಮಡಿಸಿದವಳಿಗೆ ಪಕ್ಕದ ಇಸ್ತ್ರಿ ಅಂಗಡಿಯವನು ಕೊಟ್ಟ ಬಿರುದು. "ಅಂಗಿಯಲ್ಲಿ ತೂತುಗಳೆಲ್ಲ ಅಕ್ಕಂದು, ಬಟ್ಟೆಯೆಲ್ಲ ಮಾಸ್ತರದು" ಎಂದು ಅವನು ಹೇಳಿದ ಜೋಕಿಗೆ ಹೆಚ್ಚು ನಕ್ಕವರು ಮಾಸ್ತರರೇ, ಅವಳ ಗಂಡ. ಅಳತೆ ತೆಗೆಯುವವರು, ಗೆರೆ ಹಾಕುವವರು, ಕತ್ತರಿಸುವವರು ಅವರು. ದೊಡ್ಡ ಕತ್ತರಿಯನ್ನು ಅವಳು ಮುಟ್ಟುವಂತಿರಲಿಲ್ಲ. ದೂಳು ಒರೆಸಲು ಎತ್ತಿದರೂ "ಇಡು, ಹರಿತ ಹೋಗತ್ತೆ" ಎನ್ನುತ್ತಿದ್ದರು. ಹೆಂಗಸಿನ ಕೈ ತಾಗಿದರೆ ಉಕ್ಕಿನ ಹರಿತ ಹೋಗುವುದು ಹೇಗೆ ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ಆ ಹೊತ್ತಿನ ಊಟ ಮುಗಿಯುವವರೆಗೂ ಉಪದೇಶ ಇರುತ್ತಿತ್ತು.

ನಾಲ್ಕು ತಿಂಗಳ ಹಿಂದೆ, ಮಧ್ಯಾಹ್ನ, ಒಂದು ಪ್ಯಾಂಟಿನ ಕಾಲು ಕತ್ತರಿಸುತ್ತಿದ್ದ ಹಾಗೇ ಮಾಸ್ತರರು ಎಡಕ್ಕೆ ವಾಲಿ ನೆಲಕ್ಕೆ ಬಿದ್ದರು. ರಕ್ತದೊತ್ತಡದ ಮಾತ್ರೆಯನ್ನು ಅವರೇ ನಿಲ್ಲಿಸಿ ವರ್ಷವಾಗಿತ್ತು. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಿದ್ದರು. ಮಿದುಳಿನ ಬಲಭಾಗದಲ್ಲಿ ರಕ್ತನಾಳ ಒಡೆದಿದೆ, ರಕ್ತ ಒಳಗಿನ ನೀರಿನ ಕೋಣೆಗಳಿಗೂ ನುಗ್ಗಿದೆ ಎಂದರು ಆಸ್ಪತ್ರೆಯವರು. ಹತ್ತೊಂಬತ್ತು ದಿನ ಅಲ್ಲಿದ್ದರು. ಬಿಡುಗಡೆಯ ದಿನ ದೊಡ್ಡ ಡಾಕ್ಟರು ಮನೆಯವರನ್ನು ಕರೆದು ಇಪ್ಪತ್ತು ನಿಮಿಷ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಆಗ ಕಾಜಕ್ಕ ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಗಂಡನ ಬಟ್ಟೆ ಹಿಂಡುತ್ತಿದ್ದಳು. ಕೇಳಿಸಿಕೊಂಡವರು ಮಾಸ್ತರರ ಅಕ್ಕ. ಶಾಲೆಯ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಂಡು ನಿವೃತ್ತರಾದವರು, ಎರಡು ಬೀದಿ ಆಚೆ ಒಬ್ಬರೇ ಇರುವವರು. ಕಾಜಕ್ಕನಿಗೆ ಅತ್ತಿಗೆ. ಅವರು ಇಪ್ಪತ್ತು ನಿಮಿಷದ ಮಾತನ್ನು ಬಟ್ಟೆ ಒಣಹಾಕುತ್ತಿದ್ದವಳಿಗೆ ಒಂದೇ ಉಸಿರಿನಲ್ಲಿ ದಾಟಿಸಿದರು.

"ಎಡಗೈ ಎಡಗಾಲು ಸ್ವಲ್ಪ ಸೋತಿದೆ. ಎಣ್ಣೆ ಹಚ್ಚಿ ತಿಕ್ಕಬೇಕು. ಉಳಿದದ್ದೆಲ್ಲ ನೀನು ನೋಡ್ಕೋತೀಯಲ್ಲ."

ಆ 'ಉಳಿದದ್ದೆಲ್ಲ' ಏನು ಎಂದು ಅವಳಿಗೆ ಮನೆಗೆ ಬಂದ ಮೇಲೆ ತಿಳಿಯಿತು.

ಮೊದಲ ದಿನವೇ ತಟ್ಟೆಯ ಜಗಳ. ಅನ್ನ ಬಲಗಡೆ, ಬೇಯಿಸಿದ ತರಕಾರಿ ಮತ್ತು ಮೊಟ್ಟೆ ಎಡಗಡೆ ಹಾಕಿ ಕೊಟ್ಟಿದ್ದಳು. ಮಾಸ್ತರರು ಅನ್ನ ತಿಂದು ಕೈ ನಿಲ್ಲಿಸಿದರು.

"ಬರೀ ಅನ್ನ ಹಾಕಿದ್ದೀಯ. ಮಿಕ್ಕಿದ್ದು ಯಾರಿಗೆ ಎತ್ತಿಟ್ಟೆ?"

"ತಟ್ಟೆಯಲ್ಲೇ ಇದೆಯಲ್ರೀ."

"ಎಲ್ಲಿದೆ?"

"ಕಣ್ಣೆದುರಿಗೆ."

ಅವರು ತಟ್ಟೆ ನೋಡಿದರು, ಅವಳ ಮುಖ ನೋಡಿದರು. "ನನಗೆ ಕೈಲಾಗಲ್ಲ ಅಂತ ಹೊಟ್ಟೆಗೂ ಕತ್ತರಿ ಹಾಕ್ತಿದ್ದೀಯ" ಎಂದರು. ಮೊಟ್ಟೆ ಅವರ ಎಡಗೈಯಿಂದ ನಾಲ್ಕು ಬೆರಳು ದೂರದಲ್ಲಿತ್ತು.

ಗಡ್ಡ ಹೆರೆಯಲು ಕೂತರೆ ಬಲಗೆನ್ನೆ ನುಣ್ಣಗಾಗುತ್ತಿತ್ತು, ಎಡಗೆನ್ನೆಯ ಗಡ್ಡ ಹಾಗೇ ಉಳಿಯುತ್ತಿತ್ತು. ಅಂಗಿಯ ಬಲತೋಳು ಹಾಕಿಕೊಂಡು ಎಡತೋಳನ್ನು ಬೆನ್ನ ಹಿಂದೆ ಜೋತುಬಿಟ್ಟು "ಆಯ್ತು" ಎನ್ನುತ್ತಿದ್ದರು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಗುಲಿದರೆ, "ಬಾಗಿಲಿಗೆ ಏನು ಅಡ್ಡ ಇಟ್ಟಿದ್ದೀಯ" ಎಂದು ಅವಳ ಮೇಲೆಯೇ ಹರಿಹಾಯುತ್ತಿದ್ದರು. ಮಾತು ಮಾತ್ರ ನೆಟ್ಟಗಿತ್ತು. ನಾಲಿಗೆ ಒಂದಿಷ್ಟೂ ತೊದಲುತ್ತಿರಲಿಲ್ಲ. ಅದೇ ಅವಳ ಅನುಮಾನಕ್ಕೆ ಎಣ್ಣೆ ಹೊಯ್ಯುತ್ತಿದ್ದುದು. ಇಷ್ಟು ಚೆನ್ನಾಗಿ ಬೈಯಬಲ್ಲವನಿಗೆ ಮೊಟ್ಟೆ ಕಾಣುವುದಿಲ್ಲವೆಂದರೆ ಯಾರು ನಂಬುತ್ತಾರೆ?

ಇನ್ನೊಂದು ತೊಡಕೂ ಇತ್ತು. ಕಾಯಿಲೆ ಯಾವುದು, ಹಳೆಯ ಗಂಡ ಯಾವುದು ಎಂದು ಬಿಡಿಸಿ ನೋಡುವುದಕ್ಕೆ ಅವಳ ಹತ್ತಿರ ಅಳತೆಗೋಲೇ ಇರಲಿಲ್ಲ. ಈಗ ಅವರು ತಮ್ಮ ಟವೆಲು ಎಲ್ಲಿದೆ ಎಂದು ಹುಡುಕಲಾರರು, ಸರಿ. ಹಿಂದೆ ಯಾವತ್ತು ಹುಡುಕಿದ್ದರು? ಬಚ್ಚಲಿನಿಂದ ಒದ್ದೆ ಕೈ ಹೊರಗೆ ಚಾಚಿದರೆ ಟವೆಲು ಬಂದು ಕೂರುತ್ತಿತ್ತು. ತಟ್ಟೆ ಎತ್ತುವುದು, ನೀರು ಬಗ್ಗಿಸಿಕೊಳ್ಳುವುದು, ಚಾದರ ಮಡಿಸುವುದು, ಇವನ್ನೆಲ್ಲ ರಕ್ತಸ್ರಾವ ಕಸಿದುಕೊಂಡಿತು ಎನ್ನಲು ಮೊದಲು ಅವು ಅವರ ಹತ್ತಿರ ಇರಬೇಕಿತ್ತಲ್ಲ.

ಅತ್ತಿಗೆಯ ಅನುಮಾನ ಬೇರೆ ದಿಕ್ಕಿನದು. ತಮ್ಮ ನೆಟ್ಟಗಿದ್ದಾನೆ, ಹೆಂಡತಿ ಅವನನ್ನು ಮೂಲೆಗೆ ತಳ್ಳಿದ್ದಾಳೆ ಎಂದು ಅವರ ಲೆಕ್ಕ. ಅದಕ್ಕೆ ಕಾರಣವೂ ಇತ್ತು. ಮಾಸ್ತರರು ಬಿದ್ದ ದಿನ ಅರ್ಧ ಕತ್ತರಿಸಿಟ್ಟಿದ್ದ ಪ್ಯಾಂಟಿನ ಗಿರಾಕಿ ಬಂದು ಬೇಕೇ ಬೇಕು ಎಂದು ಕೂತಾಗ ಕಾಜಕ್ಕ ದೊಡ್ಡ ಕತ್ತರಿ ಎತ್ತಿ ಇನ್ನೊಂದು ಕಾಲು ಕತ್ತರಿಸಿಕೊಟ್ಟಿದ್ದಳು. ಗಿರಾಕಿ ಮರುವಾರ ತನ್ನ ತಮ್ಮನನ್ನೂ ಕರೆತಂದ. ಆಮೇಲೆ ಬಾಗಿಲು ಮುಚ್ಚಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆಯಾದ್ದರಿಂದ ಹಾಸಿಗೆಬಟ್ಟೆಗೂ ಅಳತೆಟೇಪಿಗೂ ನಡುವೆ ಅವಳ ದಿನ ಓಡುತ್ತಿತ್ತು. ಇಪ್ಪತ್ತೆರಡು ವರ್ಷ ಕಣ್ಣಲ್ಲೇ ಕಲಿತದ್ದು ಕೈಗೆ ಬಂದುಬಿಟ್ಟಿತ್ತು.

"ಬೇಗ ಕಲಿತೆ ಕಣೇ" ಎಂದರು ಅತ್ತಿಗೆ ಒಂದು ದಿನ, ಕತ್ತರಿಸಿಟ್ಟ ಬಟ್ಟೆಗಳನ್ನು ನೋಡುತ್ತ. "ಯಾವತ್ತು ಸಿಗತ್ತೋ ಅಂತ ಕಾದಿದ್ದವರ ಹಾಗೆ."

ಎರಡನೆಯ ತಿಂಗಳ ಕೊನೆಗೆ ಅವರೇ ಪರೀಕ್ಷೆ ಏರ್ಪಡಿಸಿದರು. ತಮ್ಮನನ್ನು ಹಿಡಿದು ತಂದು ಕತ್ತರಿಸುವ ಮೇಜಿನ ಮುಂದೆ ಕೂರಿಸಿದರು. ಸೋತ ಎಡಗೈ ಮೇಜಿನ ಎಡಭಾಗದಲ್ಲಿ ಬಿದ್ದುಕೊಂಡಿತ್ತು. ಹಾಗಾಗಿ ಅಂಗಿಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಬಲಗಡೆ ಹಾಸಿ, ನೀಲಿ ಸೀಮೆಸುಣ್ಣದ ಬಿಲ್ಲೆ ಕೈಗಿಟ್ಟರು. ಇಸ್ತ್ರಿಯವನೂ ಪೆಟ್ಟಿಗೆ ಬದಿಗಿಟ್ಟು ಬಂದು ನಿಂತ.

"ನಲವತ್ತು ಇಂಚಿನ ಎದೆ, ಅಂಗಿಯ ಬೆನ್ನು ಗೀಚು ನೋಡೋಣ ತಮ್ಮ."

ಮಾಸ್ತರರು ಅಳತೆಪಟ್ಟಿಯನ್ನೂ ಕೇಳಲಿಲ್ಲ. ಭುಜದ ಇಳಿಜಾರು, ತೋಳಿನ ಬಳುಕು, ಮಗ್ಗುಲಿನ ಗೆರೆ, ಎಲ್ಲ ಒಂದೇ ಎಳೆತದಲ್ಲಿ ಬಂದವು. ಕಾಜಕ್ಕ ಟೇಪು ಹಿಡಿದು ನೋಡಿದಳು. ಕಾಲು ಇಂಚೂ ಆಚೀಚೆ ಇರಲಿಲ್ಲ.

"ಅಬ್ಬ, ಮಾಸ್ತರ ಕೈ ಅಂದರೆ ಕೈ" ಎಂದ ಇಸ್ತ್ರಿಯವನು.

ಅತ್ತಿಗೆ ಕಾಜಕ್ಕನ ಕಡೆ ತಿರುಗಿದರು. "ನೋಡಿದೆಯಾ. ತಲೆ ಕೆಟ್ಟವನು ಹೀಗೆ ಗೀಚ್ತಾನಾ? ಬುದ್ಧಿಯೆಲ್ಲ ನೆಟ್ಟಗಿದೆ. ಇವನನ್ನ ಮಲಗಿಸಿಟ್ಟಿರೋದು ಯಾರು ಅಂತ ದೇವರೇ ಬಲ್ಲ."

ಕಾಜಕ್ಕ ಟೇಪು ಸುತ್ತಿಟ್ಟಳು. ಆ ಗೆರೆ ನೋಡಿ ಅವಳ ಮೈಯೂ ಉರಿದಿತ್ತು, ಆದರೆ ಬೇರೆ ಕಾರಣಕ್ಕೆ. ಇಷ್ಟೆಲ್ಲ ಕಾಣುತ್ತದೆ, ಇಷ್ಟೆಲ್ಲ ನೆನಪಿದೆ, ಹಾಗಿದ್ದರೆ ಮೊಟ್ಟೆ ಕಾಣದ್ದು ನಾಟಕವೇ. ತನ್ನನ್ನು ಸತಾಯಿಸುವುದಕ್ಕೆ, ಅಕ್ಕನ ಮುಂದೆ ತನ್ನ ಮಾನ ಕಳೆಯುವುದಕ್ಕೆ. ಆ ಸಂಜೆ ಅವಳು ತಟ್ಟೆ ಇಟ್ಟು, "ಇರೋದನ್ನ ತಿನ್ನಿ" ಎಂದಷ್ಟೇ ಹೇಳಿ ಅಂಗಡಿಗೆ ಹೋದಳು. ಅರ್ಧ ತಟ್ಟೆ ಹಾಗೇ ಉಳಿಯಿತು. ಅವಳು ಅದನ್ನು ಅವರ ಮುಂದಿನಿಂದಲೇ ಎತ್ತಿಕೊಂಡು ತಾನು ತಿಂದಳು.

ನಾಟಕ ಹಿಡಿಯಲು ಉಪಾಯ ಹೊಳೆದದ್ದು ಆಗ. ಮಾಸ್ತರರು ಕೋಲೂರಿ ಬಚ್ಚಲಿಗೆ ಹೋಗುವಾಗ, ಅವಳು ನೋಡುತ್ತಿದ್ದರೆ ಕಾಲೆಳೆಯುತ್ತ ಹೋಗುತ್ತಿದ್ದರು. ನೋಡದಿದ್ದಾಗ? ಅವಳು ಅವರ ರಬ್ಬರು ಚಪ್ಪಲಿಯ ಅಡಿಗೆ ನೀಲಿ ಸೀಮೆಸುಣ್ಣ ತಿಕ್ಕಿದಳು. ಒಂದು ಬೆಳಗ್ಗೆ ಪಕ್ಕದಲ್ಲೇ ನಡೆದಳು. ಮರುಬೆಳಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಇದ್ದುಬಿಟ್ಟಳು. ಬಲ ಹಿಮ್ಮಡಿಯಿಂದ ಮುಂದಿನ ಬಲ ಹಿಮ್ಮಡಿಗೆ ಅಳೆದಳು. ನೋಡಿದಾಗ ಇಪ್ಪತ್ತೊಂದು ಇಂಚು. ನೋಡದಿದ್ದಾಗಲೂ ಇಪ್ಪತ್ತೊಂದು.

ಪಕ್ಕಾ ಆಟಗಾರ, ಎಂದುಕೊಂಡಳು. ಚಪ್ಪಲಿ ತಿರುಗಿಸಿ ನೋಡಿರಬೇಕು. ಅವಳು ಅಳೆಯುವುದನ್ನು ಬಿಡಲಿಲ್ಲ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ದಿನಾ ಒಂದು ಅಂಕಿ ಏರತೊಡಗಿತು. ಏರತೊಡಗಿದ್ದು ಸಾಲು, ಅಂಕಿ ಇಳಿಯುತ್ತಿತ್ತು. ಇಪ್ಪತ್ತು. ಹತ್ತೊಂಬತ್ತೂವರೆ. ಹದಿನೇಳು. ಮೂರನೆಯ ವಾರಕ್ಕೆ ಹದಿಮೂರು. ನೆಲದಿಂದ ಪಾದ ಏಳುವುದೇ ಇಲ್ಲ ಎನ್ನುವ ಹಾಗೆ ಗುರುತುಗಳು ಉದ್ದಕ್ಕೆ ತಿಕ್ಕಿಕೊಂಡು ಹೋಗಿರುತ್ತಿದ್ದವು. ಯಾರೋ ಅಂಟು ಸುರಿದ ನೆಲದ ಮೇಲೆ ನಡೆಸಿದ ಹಾಗೆ.

ಅದೇ ವಾರ ಹಾಸಿಗೆ ಒದ್ದೆಯಾಗತೊಡಗಿತು. ಬೈಗುಳವೂ ಕಡಿಮೆಯಾಯಿತು. ಕೇಳಿದ್ದಕ್ಕೆ ಉತ್ತರ ಬರಲು ಅವಳು ಒಂದು ಗುಂಡಿ ಹಾಕಿ ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಹಗಲಿಡೀ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಬೇಕಂತಲೇ ಮಾಡುತ್ತಿದ್ದಾರೆ ಎಂದು ಮೊದಲ ನಾಲ್ಕು ದಿನ ಹಲ್ಲು ಕಚ್ಚಿ ಹಾಸಿಗೆಬಟ್ಟೆ ಒಗೆದಳು. ಐದನೆಯ ದಿನ ಒಗೆಯುವಾಗ ಒಂದು ಮಾತು ತಲೆಗೆ ಬಂತು. ಬೈಯುವುದರಲ್ಲಿ ಅಷ್ಟು ಸುಖಪಡುತ್ತಿದ್ದವರು ಅದನ್ನೂ ಬಿಟ್ಟಿದ್ದಾರೆ. ನಾಟಕ ಆಡುವವರು ತಮಗೆ ಇಷ್ಟವಾದ ಮಾತನ್ನೇ ಬಿಟ್ಟುಕೊಡುತ್ತಾರೆಯೇ? ಆದರೂ ಅವಳು ಡಾಕ್ಟರ ಹತ್ತಿರ ಹೋಗಲಿಲ್ಲ. ಅಂಗಡಿಯಲ್ಲಿ ಏಳು ಅಂಗಿ ಬಾಕಿ ಇದ್ದವು.

ಕರೆದುಕೊಂಡು ಹೋದವರು ಅತ್ತಿಗೆ. ಒಂದು ಬೆಳಗ್ಗೆ ಹತ್ತು ಗಂಟೆಗೆ ಬಂದು, ನೇರ ಮಾತ್ರೆಯ ಡಬ್ಬಿ ತೆಗೆದು, ಹಾಸಿಗೆಯ ಅಂಚಿನಲ್ಲಿ ಕೂತು, ಹಾಜರಿ ಕೂಗುವವರ ಹಾಗೆ ಒಂದೊಂದೇ ಎಣಿಸಿದರು.

"ಈ ಬಿಳಿದು ಯಾವುದಕ್ಕೆ?"

"ಒತ್ತಡಕ್ಕೆ, ಅತ್ತಿಗೆ."

"ಈ ಹಳದಿ?"

"ಫಿಟ್ಸು ಬರದೇ ಇರಲಿ ಅಂತ ಕೊಟ್ಟಿದ್ದು."

"ನಿದ್ದೆದು ಎಲ್ಲಿಟ್ಟಿದ್ದೀಯ?"

ಕಾಜಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ನಾನ್ಯಾಕೆ ನಿದ್ದೆ ಮಾತ್ರೆ ಕೊಡಲಿ?"

"ಅದನ್ನೇ ನಾನೂ ಕೇಳ್ತಿದ್ದೀನಿ. ತಿಂಗಳ ಹಿಂದೆ ಅಂಗಿ ಗೀಚಿದವನು ಇವತ್ತು ನನ್ನ ಹೆಸರು ಹೇಳೋಕೆ ತಡವರಿಸ್ತಾನೆ. ಹೊರಡು ಆಸ್ಪತ್ರೆಗೆ. ರಕ್ತ ಪರೀಕ್ಷೆ ಮಾಡಿಸ್ತೀನಿ. ಯಾರ ಬಣ್ಣ ಬಯಲಾಗತ್ತೋ ನೋಡೋಣ."

"ಹೊರಡಿ. ನನಗೂ ನೋಡಬೇಕು" ಎಂದಳು ಕಾಜಕ್ಕ, ಅಳತೆಯ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು.

ಬಾಡಿಗೆ ಕಾರಿನಲ್ಲಿ ನಡುವೆ ಮಾಸ್ತರರು, ಒಂದೊಂದು ಪಕ್ಕಕ್ಕೆ ಒಬ್ಬೊಬ್ಬರು. ಎಡಗಡೆ ಕೂತಿದ್ದ ಕಾಜಕ್ಕ ಎರಡು ಸಲ ನೀರು ಬೇಕೇ ಎಂದು ಕೇಳಿದಳು. ಮಾಸ್ತರರು ಎರಡು ಸಲವೂ ಬಲಗಡೆಯ ಅಕ್ಕನ ಕಡೆ ತಿರುಗಿ "ಬೇಡ" ಎಂದರು.

ಹೊರರೋಗಿಗಳ ಕೋಣೆಯಲ್ಲಿದ್ದವಳು ಸಣ್ಣ ವಯಸ್ಸಿನ ಡಾಕ್ಟರು. ನರ್ಸಮ್ಮ ಒಂದು ಹಾಳೆ ತುಂಬುತ್ತಿದ್ದಳು. "ಕಾಯಿಲೆಗೆ ಮೊದಲು ಮನೆಯಲ್ಲಿ ತಾವಾಗೇ ಏನೇನು ಮಾಡ್ಕೋತಿದ್ರು?"

ಕಾಜಕ್ಕ ಬಹಳ ಹೊತ್ತು ಯೋಚಿಸಿದಳು. "ರೇಡಿಯೋ ಹಾಕ್ತಿದ್ರು" ಎಂದಳು.

ನರ್ಸಮ್ಮ ತಲೆ ಎತ್ತಲಿಲ್ಲ. ತುಟಿಯ ಕೊನೆ ಮಾತ್ರ ಸ್ವಲ್ಪ ಅಲುಗಿತು. "ನಮ್ಮನೇಲೂ ಅಷ್ಟೇ" ಎಂದು ಬರೆದುಕೊಂಡಳು.

ಅತ್ತಿಗೆ ನಿದ್ದೆಮಾತ್ರೆಯ ಮಾತೆತ್ತಿದರು. ಡಾಕ್ಟರು ಕೇಳಿಸಿಕೊಂಡು, ರಕ್ತ ತೆಗೆಸಿ, ಆಮೇಲೆ ಒಂದು ಬಿಳಿ ಹಾಳೆ ಮಾಸ್ತರರ ಮುಂದಿಟ್ಟಳು. ಹಾಳೆಯ ತುಂಬ ಸಣ್ಣ ಸಣ್ಣ ಗೆರೆಗಳಿದ್ದವು. "ಎಲ್ಲ ಗೆರೆಗೂ ಅಡ್ಡ ಗೆರೆ ಹಾಕಿ, ಮಾಸ್ತರೇ. ಒಂದನ್ನೂ ಬಿಡಬೇಡಿ." ಅವರು ನಿಧಾನವಾಗಿ ಹಾಕಿದರು. ಬಲ ಅರ್ಧದಲ್ಲಿ ಒಂದನ್ನೂ ಬಿಡಲಿಲ್ಲ. ಎಡ ಅರ್ಧದಲ್ಲಿ ಒಂದನ್ನೂ ಹಾಕಲಿಲ್ಲ. ಪೆನ್ನು ಕೆಳಗಿಟ್ಟು "ಆಯ್ತು" ಎಂದರು.

"ಕಣ್ಣಿನ ದೋಷ ಅಲ್ಲ ಇದು" ಎಂದಳು ಡಾಕ್ಟರು. "ಮಿದುಳಿಗೆ ಎಡಗಡೆ ಅನ್ನೋದೇ ಗಮನಕ್ಕೆ ಬರೋದಿಲ್ಲ. ಎಡಗಡೆ ಕಾಣಿಸ್ತಿಲ್ಲ ಅನ್ನೋದೂ ಇವರಿಗೆ ಗೊತ್ತಾಗಲ್ಲ. ತಟ್ಟೆಯಲ್ಲಿ ಅರ್ಧ ಬಿಡ್ತಾರೇನೋ ಅಲ್ವಾ? ಬಿಡುಗಡೆ ದಿನವೇ ಹೇಳಿದ್ದೀವಿ ಅಂತ ಇಲ್ಲಿ ಬರೆದಿದೆಯಲ್ಲ."

ಕಾಜಕ್ಕ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಕಿಟಕಿ ನೋಡಿದರು. "ಎಡಗಡೆ ಅಂದಿದ್ದರು. ನಾನು ಕೈಕಾಲು ಅಂದ್ಕೊಂಡೆ" ಎಂದರು. ಆಮೇಲೆ ಚೇತರಿಸಿಕೊಂಡು, "ಹಾಗಾದರೆ ಅವತ್ತು ಅಂಗಿ ಬೆನ್ನು ಹೇಗೆ ಗೀಚಿದ? ಒಂಚೂರೂ ತಪ್ಪಿಲ್ಲದೆ?"

ಡಾಕ್ಟರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಾದದ್ದು ಕಾಜಕ್ಕನಿಗೆ. ಅವಳು ಮೇಜಿನ ಮೇಲಿದ್ದ ಗೆರೆಹಾಳೆಯನ್ನು ಎತ್ತಿ ಉದ್ದಕ್ಕೆ ಮಧ್ಯದಲ್ಲಿ ಮಡಿಸಿದಳು.

"ನಾವು ಬೆನ್ನನ್ನ ಪೂರ್ತಿ ಗೀಚೋದೇ ಇಲ್ಲ ಡಾಕ್ಟರೇ. ಬಟ್ಟೆ ಹೀಗೆ ಮಡಿಸ್ತೀವಿ. ಅರ್ಧ ಮಾತ್ರ ಗೀಚ್ತೀವಿ. ಎರಡೂ ಪದರ ಸೇರಿಸಿ ಕತ್ತರಿಸಿ ಬಿಡಿಸಿದರೆ ಪೂರ್ತಿ ಬೆನ್ನು. ಅವತ್ತು ಬಟ್ಟೆ ಹಾಸಿದ್ದೂ ಬಲಗಡೆ. ಇವರು ಗೀಚಿದ್ದು ಬಲ ಅರ್ಧ. ಅಷ್ಟೇ ಕೇಳಿದ್ದು ನಾವು."

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಅಂಗಡಿಯಲ್ಲಿ ಮೂವರು ನಿಂತು ನೋಡಿದ್ದರು. ಇಪ್ಪತ್ತೆರಡು ವರ್ಷ ಮಡಿಸಿದ ಬಟ್ಟೆಯನ್ನೇ ನೋಡಿದವಳಿಗೂ ಮಡಿಕೆ ಕಾಣಿಸಿರಲಿಲ್ಲ. ಅವರ ಮುಂದಿನಿಂದ ಎತ್ತಿಕೊಂಡು ತಿಂದ ಅರ್ಧ ತಟ್ಟೆ ಅವಳಿಗೆ ನೆನಪಾಯಿತು.

ಆದರೆ ಈಗಿನ ಮಂಕು, ಈ ನಡಿಗೆ, ಈ ಒದ್ದೆ ಹಾಸಿಗೆ, ಇವು ಎಡಗಡೆಯ ತೊಂದರೆಯಿಂದ ಬಂದವಲ್ಲ ಎಂದಳು ಡಾಕ್ಟರು. ಯಾವಾಗಿನಿಂದ ಶುರುವಾಯಿತು ಎಂದು ಕೇಳಿದಳು. ಅತ್ತಿಗೆ "ಮೊನ್ನೆ ಮೊನ್ನೆ" ಎಂದರು. ಕಾಜಕ್ಕ ಕಂಕುಳಿನ ಪುಸ್ತಕ ತೆಗೆದು ಕೊನೆಯ ಪುಟ ಬಿಡಿಸಿ ಮುಂದಿಟ್ಟಳು. ಡಾಕ್ಟರು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು.

"ಇದು ಯಾರು ಬರೆದದ್ದು?"

"ನಾನೇ."

"ಯಾಕೆ ಅಳೆದ್ರಿ?"

ಸುಳ್ಳು ಹೇಳಬಹುದಿತ್ತು. "ನಾಟಕ ಆಡ್ತಿದ್ದಾರೆ ಅಂತ. ಹಿಡಿಯೋಣ ಅಂತ ಚಪ್ಪಲಿ ಅಡಿಗೆ ಸೀಮೆಸುಣ್ಣ ಹಚ್ಚಿ ಅಳೆದೆ" ಎಂದಳು.

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಪುಟದ ಫೋಟೋ ತೆಗೆದುಕೊಂಡಳು.

ತಲೆಯ ಸ್ಕ್ಯಾನು ಆಯಿತು. ರಕ್ತದಲ್ಲಿ ನಿದ್ದೆಯ ಔಷಧಿ ಏನೂ ಇರಲಿಲ್ಲ. ಸೋರಿದ ರಕ್ತ ಒಳಗಿನ ದಾರಿಗಳನ್ನು ಕಟ್ಟಿದ್ದರಿಂದ ಮಿದುಳಿನ ಕೋಣೆಗಳಲ್ಲಿ ನೀರು ಇಂಗದೆ ತುಂಬಿಕೊಂಡಿದೆ, ನಿಧಾನವಾಗಿ ಒತ್ತುತ್ತಿದೆ ಎಂದು ಚಿತ್ರ ತೋರಿಸಿ ಹೇಳಿದಳು ಡಾಕ್ಟರು. ಈ ಸಲ ಕಾಜಕ್ಕ ನಲ್ಲಿಯ ಹತ್ತಿರ ಇರಲಿಲ್ಲ. ಎದುರಿಗೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಅರ್ಥವಾಗದ್ದನ್ನು ಮತ್ತೆ ಮತ್ತೆ ಕೇಳಿದಳು. ತಲೆಯಿಂದ ಹೊಟ್ಟೆಗೆ ಚರ್ಮದಡಿ ಸಣ್ಣ ಕೊಳವೆ ಇಟ್ಟು ನೀರು ಹರಿಸಬಹುದು. ಅದಕ್ಕೆ ಮೊದಲು ಬೆನ್ನುಹುರಿಯ ಕಡೆಯಿಂದ ಸ್ವಲ್ಪ ನೀರು ತೆಗೆದು ನೋಡುತ್ತಾರೆ. ನಡಿಗೆ ಸುಧಾರಿಸಿದರೆ ಕೊಳವೆಯಿಂದ ಉಪಯೋಗವಾಗುವ ಸಂಭವ ಹೆಚ್ಚು.

"ತೆಗೆಯೋ ಮೊದಲೂ ಆಮೇಲೂ ನೀವೇ ಅಳೆದು ಕೊಡಿ" ಎಂದಳು ಡಾಕ್ಟರು. "ಸೀಮೆಸುಣ್ಣ ತಂದಿದ್ದೀರಾ?"

ಬೇಕೆಂದು ತಂದಿರಲಿಲ್ಲ. ಆದರೆ ಸೆರಗಿನ ಗಂಟಿನಲ್ಲಿ ಒಂದು ಬಿಲ್ಲೆ ಇದ್ದೇ ಇತ್ತು.

ಮರುದಿನ ಬೆಳಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಹನ್ನೊಂದು ಇಂಚು. ನೀರು ತೆಗೆದರು. ಸಂಜೆ ಐದಕ್ಕೆ ಹದಿನೆಂಟು. ನರ್ಸಮ್ಮ ಬಗ್ಗಿ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಮಾಸ್ತರರು ಹಾಸಿಗೆಗೆ ಮರಳಿ, ಬೆನ್ನು ನೆಟ್ಟಗೆ ಮಾಡಿ ಕೂತು, ತಿಂಗಳ ನಂತರ ಮೊದಲ ಸಲ ಹೆಂಡತಿಯನ್ನು ಪೂರ್ತಿ ಕಣ್ಣು ತೆರೆದು ನೋಡಿದರು. ಅವಳು ಬಲಗಡೆಯೇ ನಿಂತಿದ್ದಳು.

"ಅಂಗಡಿ ಮುಚ್ಚಿದೆಯಾ?"

"ಇಲ್ಲ, ತೆಗೆದಿದ್ದೀನಿ."

"ಯಾರು ಕತ್ತರಿಸ್ತಿರೋದು?"

ಅವಳು ಅವರ ಬೆನ್ನಿಗೆ ದಿಂಬು ಕೊಟ್ಟಳು.

"ನನ್ನ ಕತ್ತರಿ ಮುಟ್ಟಿದ್ದೀಯ ಅಲ್ವಾ? ಮನೆಗೆ ಬಂದ ಮೇಲೆ ನೋಡ್ಕೋತೀನಿ." ಹೇಳಿ, ಹಸಿವು ಎಂದರು. ಅವರು ಅರ್ಧ ತಿಂದಾದ ಮೇಲೆ ಅವಳು ತಟ್ಟೆಯನ್ನು ಎಡದ್ದು ಬಲಕ್ಕೆ ಬರುವಂತೆ ತಿರುಗಿಸಿ ಇಟ್ಟಳು. ಅವರು ಏನೂ ಕೇಳದೆ ಉಳಿದರ್ಧವನ್ನೂ ತಿಂದರು.

ಎರಡು ದಿನದಲ್ಲಿ ನೀರು ಮತ್ತೆ ತುಂಬಿತು. ಮಂಕು ಮರಳಿತು, ಹಾಸಿಗೆ ಒದ್ದೆಯಾಯಿತು. ಶಸ್ತ್ರಚಿಕಿತ್ಸೆಯ ಕಾಗದ ಕಾಜಕ್ಕನ ಕೈಗೆ ಬಂತು. ಸೋಂಕು ತಗುಲಬಹುದು, ಕೊಳವೆ ಕಟ್ಟಿಕೊಳ್ಳಬಹುದು, ಮತ್ತೆ ರಕ್ತ ಒಸರಬಹುದು ಎಂದು ಡಾಕ್ಟರು ಯಾವುದನ್ನೂ ಮುಚ್ಚಿಡಲಿಲ್ಲ. ಎಡಗಡೆಯ ಗಮನ ಎಷ್ಟು ಮರಳುತ್ತದೋ ಹೇಳಲಾಗದು ಎಂದಳು.

"ಬೇಡ" ಎಂದರು ಅತ್ತಿಗೆ. "ತಲೆಗೆ ತೂತು ಹಾಕಿಸೋದು ಬೇಡ. ಎಚ್ಚರ ಇಲ್ಲದಿದ್ದರೇನು, ಉಸಿರಾಡ್ತಾ ಇದ್ದಾನಲ್ಲ. ಹೆಚ್ಚುಕಮ್ಮಿಯಾದರೆ ಯಾರು ಜವಾಬ್ದಾರಿ? ನಿನಗೇನು, ಅಂಗಡಿ ಇದೆ." ಅವರ ಕಣ್ಣು ತುಂಬಿತ್ತು. ಅನುಮಾನ ಸುಳ್ಳಾದರೂ ಅದನ್ನು ಇಳಿಸಿಡಲು ಅವರಿಗೆ ಜಾಗ ಸಿಕ್ಕಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಊಟದ ಹೊತ್ತಾಯಿತು ಎಂದು ಹೊರಟುಹೋದರು.

ಕಾರಿಡಾರಿನ ಬೆಂಚಿನ ಮೇಲೆ ಕಾಜಕ್ಕ ಒಬ್ಬಳೇ ಉಳಿದಳು. ಕಾಗದ ತೊಡೆಯ ಮೇಲಿತ್ತು.

ಅತ್ತಿಗೆ ಹೇಳಿಹೋದ ಮಾತು ಅಲ್ಲೇ ಸುಳಿಯುತ್ತಿತ್ತು. ನಿನಗೇನು, ಅಂಗಡಿ ಇದೆ. ಮೂರು ವಾರ ಆ ಅಂಕಿ ಇಳಿಯುತ್ತಿದ್ದುದನ್ನು ಕಂಡವಳು ತಾನು. ಇಳಿಯುತ್ತಿರುವುದು ಅಳತೆಯ ತಪ್ಪಲ್ಲ ಎಂದು ಎರಡನೆಯ ವಾರಕ್ಕೇ ಗೊತ್ತಿತ್ತು. ಆದರೂ ಯಾಕೆ ಬರಲಿಲ್ಲ? ಏಳು ಅಂಗಿ ಬಾಕಿ ಇದ್ದವು, ನಿಜ. ಆ ಏಳು ಅಂಗಿಯನ್ನು ಯಾರ ಗೊಣಗಾಟವೂ ಇಲ್ಲದೆ ಕತ್ತರಿಸಿದ್ದೂ ನಿಜ. ಮಲಗಿದ ಗಂಡನಿಂದ ಹಾಸಿಗೆಬಟ್ಟೆಯ ಕೆಲಸ ಹೆಚ್ಚು, ಮಾತಿನ ಕೆಲಸ ಕಡಿಮೆ. ಇಷ್ಟು ದಿನ ಅವರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಈಗ ತನ್ನನ್ನೇ ಹಾಗೆ ನೋಡಿದಳು. ಕಂಡದ್ದು ಹಿತವಾಗಿರಲಿಲ್ಲ.

ಸಹಿ ಹಾಕಿದರೆ ಎದ್ದು ಕೂರುವವರು ಯಾರು ಎಂದೂ ಗೊತ್ತಿತ್ತು. ಸಂಜೆ ಐದು ಗಂಟೆಯ ಆ ಮನುಷ್ಯ. ಮೊದಲ ಮಾತೇ ಕತ್ತರಿಯದು. ಅವರು ಬದಲಾಗಿ ಏಳುತ್ತಾರೆ, ಕೈಹಿಡಿದು ಕಣ್ಣೀರು ಹಾಕುತ್ತಾರೆ ಎಂಬ ಆಸೆಯೇನೂ ಅವಳಿಗಿರಲಿಲ್ಲ. ಆದರೆ ಹದಿನೆಂಟು ಇಂಚು ನಡೆದವರು ಬಚ್ಚಲಿಗೆ ತಾವೇ ಹೋಗಬಲ್ಲರು. ಬೈಯುವವರಿಗೆ ಎದುರು ಮಾತಾಡಬಹುದು. ಒದ್ದೆಯಾಗಿ, ತನಗೇನಾಗುತ್ತಿದೆ ಎಂದೂ ತಿಳಿಯದೆ ಬಿದ್ದಿರುವವರ ಜೊತೆ ಜಗಳವೂ ಆಡುವಂತಿಲ್ಲ. ಹಾಗೆ ಗೆಲ್ಲುವುದು ಅವಳಿಗೆ ಬೇಡವಾಗಿತ್ತು.

ಪೆನ್ನು ತೆಗೆದು ಸಹಿ ಹಾಕಿದಳು. ಅಡಿಯಲ್ಲಿ ಇನ್ನೊಂದು ಸಾಲಿತ್ತು. ಮನೆಗೆ ಹೋದ ಮೇಲೆ ರೋಗಿಯನ್ನು ನೋಡಿಕೊಳ್ಳುವವರು. ಹಿಂದಿನ ಸಲ ಅಲ್ಲಿ ಅತ್ತಿಗೆ ತಮ್ಮ ಗುಂಡು ಅಕ್ಷರದಲ್ಲಿ 'ಹೆಂಡತಿ' ಎಂದು ಬರೆದಿದ್ದರು. ಯಾರೂ ಅವಳನ್ನು ಕೇಳಿರಲಿಲ್ಲ.

ನರ್ಸಮ್ಮ ಬಾಗಿಲಿನಲ್ಲಿ ಕಾಣಿಸಿಕೊಂಡಳು. "ಆಯ್ತಾ ಅಮ್ಮ?"

"ಒಂದು ನಿಮಿಷ."

ಕಾಜಕ್ಕ ಬರೆದಳು. ಸಂಜೆ ಆರರಿಂದ ಬೆಳಗ್ಗೆ ಹತ್ತರವರೆಗೆ ಹೆಂಡತಿ. ಹತ್ತರಿಂದ ಸಂಜೆ ಆರರವರೆಗೆ ಅಕ್ಕ, ಅವರ ಮನೆಯಲ್ಲಿ. ಬಿಡುಗಡೆಯ ದಿನ ಇಬ್ಬರನ್ನೂ ಕೂರಿಸಿ ಎಲ್ಲವನ್ನೂ ಹೇಳಿಕೊಡುವುದು. ಸಾಲು ಸಾಲದೆ ಅಂಚಿನವರೆಗೆ ಹೋಯಿತು. ಅತ್ತಿಗೆಯನ್ನು ಅವಳು ಇನ್ನೂ ಕೇಳಿರಲಿಲ್ಲ. ಸಂಜೆ ಬಂದಾಗ ಹೇಳಿದರಾಯಿತು ಎಂದುಕೊಂಡು, ಎದ್ದು ಹೋಗಿ ಕಾಗದವನ್ನು ನರ್ಸಮ್ಮನ ಕೈಗೆ ಕೊಟ್ಟಳು.